ಉಪ್ಪಿನ ಪಾಕೀಟು ಎಷ್ಟು ದಿನ ಬಂತು?

ಗೆಳೆಯಾ,

ಅಪ್ಪಾಜಿ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ ಅಂತ ನಿನ್ನ ತಂಗಿ ಹೇಳಿದಳು. ಜೀವಕ್ಕೆ ಸಮಾಧಾನವಾಯಿತು. ಅವರಿಗೆ ಲಕ್ವಾ ಹೊಡೆದ ದಿನ ನೀನು ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದೆ. ‘ಬಿಪಿ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ ಮಾರಾಯಾ.’ ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಬಿಪಿ ಪಾಠ ಶುರು ಮಾಡಿದ್ದೇ ಆ ಮಾತು ಕೇಳಿದ ಮೇಲೆ.

ಮೊದಲ ಸಲ ದೊಡ್ಡ ಎಡವಟ್ಟು ಮಾಡಿಕೊಂಡೆ. ಪಾಲಕರ ಸಭೆ ಕರೆದು, ಬಂದವರಿಗೆಲ್ಲ ಬಾಗಿಲಲ್ಲೇ ಬಿಪಿ ಮಷಿನ್ನಿನ ಪಟ್ಟಿ ಕಟ್ಟಿದೆ. ಮಾರ್ಚ್ ತಿಂಗಳು, ಜೇವರ್ಗಿ ಕಡೆಯ ಬಿಸಿಲು ನಿನಗೆ ಗೊತ್ತಲ್ಲ. ಹೊಲದಿಂದ ದೌಡಾಯಿಸಿ ಬಂದವರು, ಈಗಷ್ಟೇ ಚಹಾ ಕುಡಿದವರು, ಬಾಯಲ್ಲಿ ತಂಬಾಕು ಇಟ್ಟುಕೊಂಡವರು. ಹೆಚ್ಚುಕಡಿಮೆ ಎಲ್ಲರದ್ದೂ ಮೇಲಿನ ಅಂಕಿ 150 ದಾಟಿತು! ಒಬ್ಬ ಹುಡುಗಿಯ ಅವ್ವ ‘ನಂದ್ ಮುಗೀತೇನ್ರಿ ಸರ್?’ ಅಂತ ಅಳುವುದಕ್ಕೇ ಶುರು ಮಾಡಿದರು.

ಮರುದಿನ ಆರೋಗ್ಯ ಕೇಂದ್ರದ ಸಿಸ್ಟರ್ ಕರೆದು ಚೆನ್ನಾಗಿ ಬೈದರು. ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಬೇಕಂತೆ. ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ ಬೇಕು, ಪಾದ ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ಮಾತಾಡಿಸಲೇಬಾರದು. ಎರಡು ಸಲ ನೋಡಬೇಕು. ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಗ ಬಿಪಿಯ ಮಾತು, ಅದೂ ಡಾಕ್ಟರು ಹೇಳಬೇಕು. ಮೇಲಿನ ಅಂಕಿ 180 ದಾಟಿದರೆ ಮಾತ್ರ ಕಾಯುತ್ತ ಕೂರುವಂತಿಲ್ಲ. ಹೀಗೆ ಕೂರಿಸಿ ನೋಡಿದರೆ ಆ ಅವ್ವನದು 126/80! ನಾನು ಸುಮ್ಮನೆ ಒಂದು ರಾತ್ರಿಯ ನಿದ್ದೆ ಕೆಡಿಸಿದ್ದೆ.

ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದಲ್ಲ, ಈ ವರ್ಷ ಮಷಿನ್ ಬದಿಗಿಟ್ಟು ಉಪ್ಪು ಹಿಡಿದುಕೊಂಡೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಾಂ ಅಂದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಹಾಗಾಗಿ ಲೆಕ್ಕ ತಿರುಗಿಸಿದೆ. ಐದು ಜನರ ಮನೆಯಲ್ಲಿ ಒಂದು ಕಿಲೋ ಪಾಕೀಟು 40 ದಿನವಾದರೂ ಬರಬೇಕು. ‘ಒಡೆದ ತಾರೀಖು ಪಾಕೀಟಿನ ಮೇಲೇ ಬರೆಯಿರಿ’ ಅಂದೆ. ಇಪ್ಪತ್ತು ದಿನ ಅಂದರು, ಹದಿನೆಂಟು ಅಂದರು. ಒಬ್ಬನ ಮನೆಯಲ್ಲಿ ಆರೇ ದಿನ! ಕೇಳಿದರೆ ‘ಎಮ್ಮಿಗೂ ಹಾಕ್ತೀವ್ರಿ ಸರ್’ ಅಂದ. ಎಮ್ಮೆಯನ್ನು ಲೆಕ್ಕದಿಂದ ಬಿಟ್ಟೆವು.

‘ನಾವು ರೊಟ್ಟಿಗಿ ಉಪ್ಪೇ ಹಾಕಂಗಿಲ್ರಿ’ ಅಂತ ಅವ್ವಂದಿರ ವಾದ. ನಿಜವೇ, ಜೋಳದ ರೊಟ್ಟಿ ಸಪ್ಪಗೆ. ಆ ಸಪ್ಪೆ ಇಳಿಯಬೇಕು ಅಂತಲೇ ಪಕ್ಕದ ಹಿಂಡಿ, ಪಲ್ಯ, ಉಪ್ಪಿನಕಾಯಿಗೆ ಉಪ್ಪು ಜಡಿಯುತ್ತೇವೆ. ಶೇಂಗಾ ಹಿಂಡಿ ಬಿಡಿ ಅಂತ ನಾನು ಹೇಳಲ್ಲಪ್ಪ, ನಾನೇ ಬಿಡುವವನಲ್ಲ. ಅದನ್ನು ಕುಟ್ಟುವಾಗ ಉಪ್ಪು ಕೈತಡೆದು ಹಾಕಿ, ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಪಕ್ಕದಲ್ಲಿಡಬೇಡಿ ಅಂದೆ. ಒಬ್ಬ ಹುಡುಗಿ ಡಬ್ಬಿ ಬಚ್ಚಿಟ್ಟು ಅಜ್ಜಿಯ ಕೈಲಿ ಬೈಸಿಕೊಂಡಳು.

ಉಪ್ಪಿಗಿಂತ ಕಷ್ಟ ಗುಳಿಗೆಯದು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ, ತರುತ್ತಾರೆ ಕೂಡ. ‘ಈಗ ನಾರ್ಮಲ್ ಬಂದದ, ಇನ್ನ ಗುಳಿಗಿ ಯಾಕ?’ ಅಂತ ನಿಲ್ಲಿಸುವ ಮುತ್ಯಾ ಎಷ್ಟೋ ಮನೆಯಲ್ಲಿದ್ದಾರೆ. ಗುಳಿಗೆ ನುಂಗಿದ್ದಕ್ಕೇ ನಾರ್ಮಲ್ ಬಂದದ್ದು ಅಂತ ನಾನು ಹೇಳಿದರೆ ನಗುತ್ತಾರೆ. ಅದೇ ಮೊಮ್ಮಗಳು ನೀರಿನ ಚರಗಿ ಹಿಡಿದು ಎದುರು ನಿಂತರೆ ನುಂಗುತ್ತಾರೆ. ನಿನ್ನ ಮಗಳಿಗೂ ಈ ಕೆಲಸ ಹಚ್ಚು. ಅಪ್ಪಾಜಿ ನಿನ್ನ ಮಾತು ಯಾವಾಗ ಕೇಳಿದ್ದಾರೆ?

ಶರಣಬಸವೇಶ್ವರ ಜಾತ್ರೆಗೆ ಬರುತ್ತೀಯಲ್ಲ, ಬರುವಾಗ ನಮ್ಮ ಮಷಿನ್‌ಗೆ ಹೊಂದುವ ದೊಡ್ಡ ಅಳತೆಯ ಪಟ್ಟಿ ಒಂದು ತಾ. ಫೋಟೊ ಕಳಿಸುತ್ತೇನೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮ ಹೆಡ್ ಮಾಸ್ತರರು ತಮ್ಮ ಬಿಪಿ ಎಲ್ಲ ಪಟ್ಟಿಯದೇ ತಪ್ಪು ಅಂತ ಹಟ ಹಿಡಿದು ಕೂತಿದ್ದಾರೆ.

ನಿನ್ನ ಗೆಳೆಯ