ಗುಟುರು ಕೇಳಿತೆಂದು ಕೋವಿ ಎತ್ತಬೇಡ

ಪಾಮರ್‌ಸ್ಟನ್ ನಾರ್ತ್, ನ್ಯೂಜಿಲೆಂಡ್
ಮಾರ್ಚ್ ಕೊನೆಯ ವಾರ

ಚಿ. ಪುಟ್ಟುವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಕೋವಿ ಲೈಸೆನ್ಸ್ ಕೈಗೆ ಬಂತು, ಏಪ್ರಿಲ್ ಎರಡನೇ ವಾರ ಗೆಳೆಯರ ಜೊತೆ ರುವಾಹಿನೆ ಬೆಟ್ಟಕ್ಕೆ ರೋರ್ ಶಿಕಾರಿಗೆ, ಅಂದರೆ ಗಂಡು ಜಿಂಕೆ ಗುಟುರು ಹಾಕುವ ಬೆದೆಗಾಲದ ಶಿಕಾರಿಗೆ, ಹೊರಟಿದ್ದೀನಿ ಅಂತ ನೀನು ಹೇಳಿದಾಗ ಖುಷಿಯಾಯಿತು. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಶಿಕಾರಿ ನಮ್ಮ ಮನೆಗೆ ಹೊಸದಲ್ಲ. ನಿನ್ನ ಮುತ್ತಜ್ಜ ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಬಿಲ್ಲಿಗೆ, ಅಂದರೆ ಸೋವಿದ ಪ್ರಾಣಿ ಬರುವ ಜಾಗದಲ್ಲಿ ಕೋವಿ ಹಿಡಿದು, ನಿಲ್ಲುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅದು ನಿಂತಿತು, ನಿಂತದ್ದೇ ಸರಿ. ಅಲ್ಲಿಯ ಕಾಡು ಕಡವೆಯದ್ದು. ಇಲ್ಲಿಯ ಲೆಕ್ಕ ಬೇರೆ. ಬಾವಲಿ ಬಿಟ್ಟರೆ ಈ ನೆಲಕ್ಕೆ ಸ್ವಂತ ಸಸ್ತನಿಯೇ ಇರಲಿಲ್ಲ. ಜಿಂಕೆಗಳನ್ನು ಹಡಗಿನಲ್ಲಿ ತಂದು ಬಿಟ್ಟರು. 1875ರಲ್ಲಿ ಸಿಲೋನಿನಿಂದ ಕಡವೆಯನ್ನೂ ತಂದು ನಮ್ಮ ಇದೇ ಮನವಾಟು ಸೀಮೆಯಲ್ಲಿ ಬಿಟ್ಟಿದ್ದಾರೆ. ಮೊದಮೊದಲು ಅವನ್ನು ಕಾಪಾಡಿದರು. ಕಾಡಿನ ಚಿಗುರು ಉಳಿಯದಂತಾದಾಗ, 1930ರ ದಶಕದಲ್ಲಿ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಕಳಿಸತೊಡಗಿತು. ಹಾಗಾಗಿ ಜಿಂಕೆ ಹೊಡೆಯುವುದಕ್ಕೆ ನಿನ್ನ ಮನಸ್ಸು ಅಳುಕಬೇಕಿಲ್ಲ. ನನಗಿರುವ ಭಯ ಬೇರೆ.

ಬೆದೆಗಾಲದ ಕಾಡಿಗೆ ಒಂದು ಅಮಲು ಇದೆ. ಬೆಳಕು ಹರಿಯುವ ಮೊದಲೇ ಗಂಡು ಗುಟುರು ಹಾಕುತ್ತದೆ, ಎದೆಯೊಳಗೆ ನಡುಕ ಹುಟ್ಟುತ್ತದೆ. ಮೇವು ಬಿಟ್ಟು, ಉಚ್ಚೆ ಬೆರೆತ ಕೆಸರಿನಲ್ಲಿ ಹೊರಳಿ, ಎಳೆಮರದ ತೊಗಟೆಯನ್ನು ಕೋಡಿನಿಂದ ಸುಲಿಯುತ್ತದೆ. ಕೆಸರುಗುಂಡಿ ಸಿಕ್ಕಿದರೆ ಬಗ್ಗಿ ನೋಡು. ನೀರು ಇನ್ನೂ ಕಲಕಿದ್ದರೆ ಅದು ಆಗಷ್ಟೇ ಎದ್ದು ಹೋಗಿದೆ ಅಂತ ಅರ್ಥ. ಹೋತದ ವಾಸನೆಯಂಥದ್ದು ಮೊದಲು ಮೂಗಿಗೆ ಬರುತ್ತದೆ, ಪ್ರಾಣಿ ಆಮೇಲೆ. ಬೆಳಗಿನ ತಂಪುಗಾಳಿ ಕಣಿವೆಯ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ಹತ್ತುತ್ತದೆ. ಗಾಳಿ ನಿನ್ನ ಮುಖಕ್ಕೆ ಬಡಿಯುವಂತೆ ನಡೆ. ಗಂಟೆಗೆ ನೂರು ಮೀಟರ್ ಹೋದರೂ ಸಾಕು. ಸಪ್ಲ್‌ಜ್ಯಾಕ್ ಬಳ್ಳಿ ನಮ್ಮ ಬೆತ್ತದ ಹಾಗೆ ಕಾಲು ಕಟ್ಟುತ್ತದೆ, ಎಳೆದಾಡಬೇಡ, ನಿಂತು ಬಿಡಿಸಿಕೊ.

ಈಗ ಮನೆಯಲ್ಲಿ ಯಾರಿಗೂ ಹೇಳದ ಮಾತು. ಹನ್ನೆರಡು ವರ್ಷದ ಹಿಂದೆ, ಇದೇ ರುವಾಹಿನೆಯಲ್ಲಿ. ಎದುರು ದಿಣ್ಣೆಯಿಂದ ಗುಟುರು ಬಂತು. ನಾನೂ ಪೈಪಿನಲ್ಲಿ ಗುಟುರು ಹಾಕಿದೆ. ಅದು ಉತ್ತರ ಕೊಟ್ಟಿತು. ಮುಕ್ಕಾಲು ಗಂಟೆ ಹೀಗೇ ನಡೆದು, ಕೊನೆಗೆ ನಲವತ್ತು ಹೆಜ್ಜೆಯಾಚೆ ಕಡ್ಡಿ ಮುರಿಯಿತು. ಬೋಲ್ಟ್ ಎಳೆದು ತೋಟೆ ಏರಿಸಿದೆ. ಪೊಂಗಾ ಜರಿಗಿಡದ ಸಂದಿನಲ್ಲಿ ಅಂಗೈಯಗಲ ಕಂದು ಬಣ್ಣ. ಅಲುಗಿತು. ಪುಟ್ಟೂ, ದೇವರಾಣೆಗೂ ನನಗೆ ಅಲ್ಲಿ ಕೋಡು ಕಾಣಿಸಿತು. ಕವಲೊಡೆದ ಕೋಡು! ಸೇಫ್ಟಿ ತೆಗೆದೆ. ಅಷ್ಟರಲ್ಲಿ ಆ ಕಂದಿನ ಪಕ್ಕದಿಂದ ಒಂದು ಕೈ ಮೇಲೆದ್ದು ಮೂಗು ಒರೆಸಿಕೊಂಡಿತು.

ಇಪ್ಪತ್ತರ ಹುಡುಗ. ಅವನ ಕೈಯಲ್ಲೂ ನನ್ನಂಥದೇ ಪೈಪು. ಅಷ್ಟು ಹೊತ್ತೂ ನಾವು ಒಬ್ಬರನ್ನೊಬ್ಬರು ಜಿಂಕೆಯೆಂದು ತಿಳಿದು ಗುಟುರು ಹಾಕಿ ಕರೆಯುತ್ತಿದ್ದೆವು. ತೋಟೆ ಇಳಿಸಿ ಕೂಗಿದೆ. ಇಬ್ಬರೂ ಕೂತು ನನ್ನ ಥರ್ಮಾಸಿನ ಚಹಾ ಕುಡಿದೆವು. ಮುಚ್ಚಳ ಹಿಡಿದ ಕೈ ನಡುಗಿ ಅರ್ಧ ಪ್ಯಾಂಟಿನ ಮೇಲೇ ಚೆಲ್ಲಿತು. ಆ ವರ್ಷ ಮತ್ತೆ ಕಾಡಿಗೆ ಹೋಗಲಿಲ್ಲ.

ಕಣ್ಣು ಸುಳ್ಳು ಹೇಳುತ್ತದೆ ಮಗಾ. ಬೇಕಾದದ್ದನ್ನೇ ತೋರಿಸುತ್ತದೆ. ನೀನು ಲೈಸೆನ್ಸ್ ಪರೀಕ್ಷೆಗೆ ಓದಿದ ಕೋವಿ ಸುರಕ್ಷತೆಯ ಏಳು ನಿಯಮಗಳಲ್ಲಿ, ಗುರಿ ಏನೆಂದು ಎಳ್ಳಷ್ಟೂ ಸಂಶಯವಿಲ್ಲದೆ ಗೊತ್ತಾಗಬೇಕು ಅನ್ನುವುದು ಇದಕ್ಕೇ ಇರುವುದು. ಸದ್ದು, ಬಣ್ಣ, ಅಲುಗಾಟ ಇವು ಯಾವುವೂ ಜಿಂಕೆಯಲ್ಲ. ತಲೆ, ಕತ್ತು, ಭುಜ ಮೂರೂ ಒಂದೇ ಪ್ರಾಣಿಯದೆಂದು ಕಂಡ ಮೇಲೂ ‘ಇದು ಮನುಷ್ಯನೇ ಇರಬೇಕು’ ಅಂದುಕೊಂಡು ಇನ್ನೊಮ್ಮೆ ನೋಡು. ಹೀಗೆ ಗುಂಡು ತಗುಲಿದವರಲ್ಲಿ ಎಷ್ಟೋ ಜನಕ್ಕೆ ತಗುಲಿದ್ದು ಜೊತೆಗೆ ಬಂದವನದೇ ಗುಂಡು. ಯಾರು ಯಾವ ಹಳ್ಳದ ಯಾವ ಕಡೆ ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಜೊತೆಗಾರ ಎಲ್ಲಿದ್ದಾನೆಂದು ಗೊತ್ತಾಗದಿದ್ದರೆ ಅಲ್ಲಿಗೆ ಶಿಕಾರಿ ಮುಗಿಯಿತು, ತೋಟೆ ತೆಗೆದು ಅವನನ್ನು ಹುಡುಕು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊ. ನಮಗೆ ಕಾಣುವ ಹಾಗೆ ಜಿಂಕೆಗೆ ಆ ಬಣ್ಣ ಕಾಣುವುದಿಲ್ಲ.

ಡಾಕ್ (ಇಲ್ಲಿಯ ಸಂರಕ್ಷಣಾ ಇಲಾಖೆ) ಕೊಡುವ ಶಿಕಾರಿ ಪರ್ಮಿಟ್ ದುಡ್ಡಿಲ್ಲದೆ ಸಿಗುತ್ತದೆ, ಮರೆಯಬೇಡ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸಂಜೆ ಆರಕ್ಕೆಲ್ಲ ಕಾಡೊಳಗೆ ಕತ್ತಲೆ. ಬೆದೆಯ ದೊಡ್ಡ ಗಂಡಿನ ಮಾಂಸ ನಾರುವುದುಂಟು. ನಿನ್ನ ಚಿಕ್ಕಮ್ಮನಿಗೆ ಸಾರಿಗೆ ಬೇಕಿದ್ದರೆ ಎಳೆಯದ್ದು ನೋಡು, ಸಿಗದಿದ್ದರೆ ಬರಿಗೈಯಲ್ಲಿ ಬಾ.

ಹೋಗುವ ದಾರಿಯಲ್ಲಿ ಮನೆಗೆ ಬಂದು ಆಪತ್ತಿನಲ್ಲಿ ನೀನಿರುವ ಜಾಗ ತಿಳಿಸುವ ನನ್ನ ಲೊಕೇಟರ್ ಬೀಕನ್ ತೆಗೆದುಕೊಂಡು ಹೋಗು. ಎಷ್ಟು ಹೊತ್ತಿಗೆ ಕಾರಿನ ಹತ್ತಿರ ವಾಪಸ್ ಬರುತ್ತೀಯ ಅಂತ ಚೀಟಿಯಲ್ಲಿ ಬರೆದಿಡು. ಆ ಹೊತ್ತಿಗೆ ನಾನು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ,
ನಿನ್ನ ಚಿಕ್ಕಪ್ಪ