ಹಿತ್ತಲಲ್ಲಿ ಮದ್ದು ಸೊಪ್ಪಿಗೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಕೂಡಲೇ ನಮ್ಮ ಕಡೆಯ ನರ್ಸರಿಗಳಲ್ಲಿ ಹೊರಗಿನ ಅಲಂಕಾರದ ಗಿಡಗಳದ್ದೇ ರಾಶಿ. ಊರಿನ ಗಿಡ ಕೇಳಿದರೆ ‘ಅದು ಕಾಡಲ್ಲೇ ಇದೆಯಲ್ಲ’ ಅನ್ನುತ್ತಾರೆ. ನಮ್ಮ ಕೊಡಗಿನಲ್ಲಿ ಕಕ್ಕಡ 18, ಅಂದರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂತೆಂದರೆ ಮನೆಮನೆಯಲ್ಲೂ ಮದ್ದು ಸೊಪ್ಪಿನ (ಔಷಧಿ ಗುಣದ್ದೆಂದು ನಂಬುವ ಕಾಡು ಸೊಪ್ಪು) ಪಾಯಸ ಆಗಬೇಕು. ಸೊಪ್ಪು ಮಾತ್ರ ಪೇಟೆಯಿಂದ ತರಬೇಕಾ? ಗೆಣ್ಣಿರುವ ಒಂದು ಕಡ್ಡಿ ಮುರಿದು ಹಿತ್ತಲ ನೆರಳಲ್ಲಿ, ತೇವ ಇರುವ ಕಡೆ ನೆಟ್ಟರೆ ಮಳೆಗಾಲದಲ್ಲಿ ಸುಲಭವಾಗಿ ಬೇರು ಬಿಡುತ್ತದೆ.

ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ (ತಿನ್ನುವುದಕ್ಕಲ್ಲ, ಅದು ವಿಷ). ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಆ ಕಪ್ಪು-ಹಳದಿ ದೊಡ್ಡದು, ಅದರ ಮರಿಹುಳ ಈ ಎಲೆ ತಿಂದು ಬೆಳೆಯುತ್ತದೆ. ಎಲೆ ತೂತಾಯ್ತು ಅಂತ ಸುಮ್ನೆ ಔಷಧಿ ಹೊಡೆಯಬೇಡಿ. ನರ್ಸರಿಯವರು ಇಂಥ ಸಸಿಗಳನ್ನೂ ಇಡಲಿ, ಕೊಳ್ಳುವವರು ಇದ್ದೇವೆ.

– ಓದುಗ, ನಾಪೋಕ್ಲು