ಬಾವಲಿಗಿಂತ ನಾಯಿಯ ಕಡೆ ನೋಡಿ

ಮಾನ್ಯರೇ,

ರಕ್ತ ಹೀರುವ ಬಾವಲಿ ದನಕ್ಕೆ ರೇಬಿಸ್ ಹಚ್ಚುತ್ತದೆಂದು ಕೇಳಿ ಬಾವಲಿ ಓಡಿಸಲು ತೋಟದ ಅತ್ತಿಮರದಡಿ ಪಟಾಕಿ ಹೊಡೆಯುವುದು ಬೇಡ. ಆ ಬಾವಲಿ ಇರುವುದು ಮೆಕ್ಸಿಕೊದಿಂದ ಅರ್ಜೆಂಟೀನಾವರೆಗೆ ಮಾತ್ರ. ಅಲ್ಲಿ ಅದನ್ನು ಬಲೆಯಲ್ಲಿ ಹಿಡಿದು, ಬೆನ್ನಿಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ) ಮುಲಾಮು ಸವರಿ ಬಿಡುತ್ತಾರೆ. ಒಂದರ ಮೈಯನ್ನು ಇನ್ನೊಂದು ನೆಕ್ಕಿ ಸಾಯುತ್ತವೆ. ಕೊಡಗಿನ ಬಾವಲಿಗಳು ದನದ ರಕ್ತ ಕುಡಿಯುವುದಿಲ್ಲ. ನಮ್ಮ ಕೊಟ್ಟಿಗೆಗೆ ರೇಬಿಸ್ ತರುವುದು ಹೆಚ್ಚಾಗಿ ನಾಯಿ.

ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒಡೆದ ದನಿಯಲ್ಲಿ ಕೂಗತೊಡಗಿದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಅದು ರೇಬಿಸ್ ಇರಬಹುದು. ಕಾಫಿ ಕೊಯ್ದು ತರಚಿದ ಬೆರಳಿಗೆ ಆ ಜೊಲ್ಲು ತಾಗಿದರೂ ಅಪಾಯವೇ.

ದನಕ್ಕೆ ನಾಯಿ ಕಚ್ಚಿದರೆ ಗ್ಲೌಸ್ ತೊಟ್ಟು, ಗಾಯಕ್ಕೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಪೊವಿಡೋನ್ ಅಯೋಡಿನ್ ಎಂಬ ಗಾಯದ ನಂಜುನಾಶಕ ಹಾಕಿ, ಅದೇ ದಿನ ಲಸಿಕೆ ಶುರು ಮಾಡಿಸಿ. ನಂತರ 3, 7, 14, 28ನೇ ದಿನ. ಗಾಯ ಒಣಗಿತೆಂದು ನಡುವೆ ನಿಲ್ಲಿಸಬೇಡಿ. ಸುಣ್ಣ, ಖಾರದಪುಡಿ ಮೆತ್ತಲೇಬೇಡಿ. ಮನುಷ್ಯರಿಗೆ ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚುಮದ್ದು ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ), ಸಂತೆಮಾಳಗಳ ನಾಯಿಗಳಲ್ಲಿ ಶೇ 70ಕ್ಕಾದರೂ ಪಂಚಾಯಿತಿಗಳು ಪ್ರತಿವರ್ಷ ಲಸಿಕೆ ಹಾಕಿಸಲಿ.

– ಪಶುವೈದ್ಯರು, ಸೋಮವಾರಪೇಟೆ